ಗ್ರೂಪ್ ಚೆಲ್ಲಾಪಿಲ್ಲಿ ಆಗ್ತಿದ್ಯಾ? ರೈಫಲ್ ರೀಲೋಡಿಂಗಲ್ಲಿ ತಪ್ಪು ಪೌಡರ್‌ದೋ ಬೇರೆಯದೋ ಕಂಡ್ಹಿಡಿಯೋದು ಹೇಗೆ

ಇಲ್ಲಿ ಅಮೆರಿಕದ ಅರಿಜೋನಾದಲ್ಲಿ ಟಾರ್ಗೆಟ್ ಶೂಟಿಂಗ್ ಹುಚ್ಚು ಹಚ್ಕೊಂಡಿರೋ ಕನ್ನಡದವರು ನಾವು ನಾಲ್ಕೈದು ಜನ ಇದ್ದೀವಿ, ಎಲ್ಲರೂ ಮನೇಲೇ ಕೂತು ತೋಟೆ ತುಂಬ್ಕೊಳ್ಳೋರು. ಅಂದ್ರೆ ಹಾರಿಸಿದ ಹಿತ್ತಾಳೆ ಕೇಸಿಗೆ (ತೋಟೆಯ ಕೊಳವೆ) ಹೊಸ ಪ್ರೈಮರ್ (ತಳದಲ್ಲಿ ಕೂತು ಕಿಡಿ ಹೊತ್ತಿಸೋ ಸಣ್ಣ ಬಟ್ಟಲು), ಪೌಡರ್ (ಉರಿದು ಬುಲೆಟ್ ತಳ್ಳೋ ಮದ್ದು), ಬುಲೆಟ್ ಹಾಕಿ ಮತ್ತೆ ತೋಟೆ ಮಾಡ್ಕೊಳ್ಳೋದು, ಇದಕ್ಕೇ ರೀಲೋಡಿಂಗ್ ಅನ್ನೋದು. ಹೊಸದಾಗಿ ಶುರು ಮಾಡಿದವರು ಮೊದಲು ಕೇಳೋದು "ಯಾವ ಪೌಡರ್ ತಗೊಳ್ಲಿ?" ಅಂತ. ಎರಡು ತಿಂಗಳಾದ್ಮೇಲೆ ಅದೇ ಜನ ಫೋನ್ ಮಾಡಿ "ಗ್ರೂಪ್ ಬರ್ತಾನೇ ಇಲ್ಲ, ಪೌಡರ್ ಬದಲಾಯಿಸ್ಬಿಡ್ಲಾ?" ಅಂತಾರೆ. ಗ್ರೂಪ್ ಅಂದ್ರೆ ಗುಂಡುಗಳು ಟಾರ್ಗೆಟ್ ಮೇಲೆ ಒತ್ತಾಗಿ ಬೀಳೋ ಗುಂಪು. ನಾನು ಇಷ್ಟು ವರ್ಷದಲ್ಲಿ ನೋಡಿರೋ ಪ್ರಕಾರ ಹತ್ತರಲ್ಲಿ ಏಳೆಂಟು ಸಲ ತಪ್ಪು ಪೌಡರ್‌ದಲ್ಲ, ತಕ್ಕಡಿದೋ ಸ್ಕ್ರೂದೋ ಹಿತ್ತಾಳೆದೋ ಆಗಿರುತ್ತೆ. ಪೌಡರ್‌ದೇ ಆದ್ರೆ ಅದನ್ನ ಟಾರ್ಗೆಟ್ ಪೇಪರ್‌ಗಿಂತ ಮುಂಚೆ ಹಾರಿಸಿದ ಖಾಲಿ ಕೇಸೇ ಹೇಳಿರುತ್ತೆ, ನಾವು ಬಗ್ಗಿ ನೋಡಿರಲ್ಲ ಅಷ್ಟೆ.

ಅದಕ್ಕೆ ಕಣ್ಣಿಗೆ ಕಾಣೋ ಲಕ್ಷಣ ಹಿಡ್ಕೊಂಡು, ದುಡ್ಡು ಖರ್ಚಾಗದ ಚೆಕ್‌ಗಳಿಂದ ಶುರು ಮಾಡಿ ಬರೀತಿದ್ದೀನಿ. ಉದಾಹರಣೆಗೆಲ್ಲಾ ನಾನು ಬಳಸೋ ಎರಡು ರೈಫಲ್ ತೋಟೆ, .308 ವಿಂಚೆಸ್ಟರ್ ಮತ್ತೆ 6.5 ಕ್ರೀಡ್‌ಮೂರ್ ತಗೊಂಡಿದ್ದೀನಿ.

ಶುರು ಮಾಡೋಕೆ ಮುಂಚೆ ಎರಡು ಮಾತು

ಎಷ್ಟು ಗ್ರೇನ್ (ತೂಕದ ಅಳತೆ) ಪೌಡರ್ ಹಾಕ್ಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ, ಬೇಕಂತಲೇ ಬಿಟ್ಟಿದ್ದೀನಿ. ಆ ಅಂಕಿ ಪೌಡರ್ ಕಂಪನಿ ಅಥವಾ ಬುಲೆಟ್ ಕಂಪನಿ ಅಚ್ಚು ಹಾಕಿಸಿರೋ ಮ್ಯಾನ್ಯುಯಲ್‌ನಿಂದಲೇ ಬರ್ಬೇಕು, ಗೆಳೆಯ ವಾಟ್ಸಾಪಲ್ಲಿ ಕಳಿಸಿದ ಫೋಟೋದಿಂದ ಅಲ್ಲ. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರೋ ಸ್ಟಾರ್ಟಿಂಗ್ ಲೋಡಿಂದ (ಲೋಡ್ ಅಂದ್ರೆ ಒಂದು ತೋಟೆಗೆ ಹಾಕೋ ಪೌಡರ್ ತೂಕ) ಶುರು, ಮ್ಯಾಕ್ಸಿಮಮ್ ಮಾತ್ರ ಕೊಟ್ಟಿದ್ರೆ ಅದಕ್ಕಿಂತ ಶೇಕಡ 10 ಕೆಳಗಿಂದ ಶುರು. .308ಗೂ 6.5 ಕ್ರೀಡ್‌ಮೂರ್‌ಗೂ ಅಮೆರಿಕದ ಸ್ಟ್ಯಾಂಡರ್ಡ್ ಪ್ರಕಾರ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್, ಕಾರಿನ ಟೈರಲ್ಲಿ ಇರೋದು 30-35. ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಆ ಒತ್ತಡ ಹುಟ್ಟುತ್ತೆ ಅನ್ನೋದು ತಲೇಲಿರ್ಲಿ.

ಎರಡನೇದು ಊರಲ್ಲಿರೋರಿಗೆ. ಅಮೆರಿಕದಲ್ಲಿ ಸ್ವಂತಕ್ಕೆ ತೋಟೆ ತುಂಬ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರೋಕೆ ಹೊರಟ್ರೆ ಬೇಕು. ಇಂಡಿಯಾದಲ್ಲಿ ಹಾಗಲ್ಲ, ಲೈಸೆನ್ಸ್ ಇಲ್ದೆ ತೋಟೆ ತಯಾರಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಕೊಡಗಿನವರಿಗೆ ಕೋವಿ ಇಟ್ಕೊಳ್ಳೋಕೆ ಇರೋ ವಿನಾಯಿತಿ ಇಟ್ಕೊಳ್ಳೋದಕ್ಕೆ ಮಾತ್ರ, ಮನೇಲಿ ಮದ್ದು ತುಂಬೋದಕ್ಕೆ ಅಲ್ಲ. ಹಾಗಾಗಿ ಊರಿನ ಶೂಟರ್‌ಗಳು ಇದನ್ನ ತಿಳ್ಕೊಳ್ಳೋಕೆ ಓದಿ, ಮಾಡೋಕೆ ಹೋಗ್ಬೇಡಿ.

"ಗುಂಡು ಎಲ್ಲಾ ಕಡೆ ಚೆಲ್ತಿದೆ, ಒಂದು ಲೆಕ್ಕಾನೇ ಇಲ್ಲ"

ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ಹೋಗ್ತಿದ್ರೆ ಪೌಡರ್ ಡಬ್ಬಿ ಮುಟ್ಲೇಬೇಡಿ. ಪೌಡರ್ ತಪ್ಪು ಸಾಮಾನ್ಯವಾಗಿ ಮೇಲೆ-ಕೆಳಗೆ ತೋರಿಸ್ಕೊಳ್ಳುತ್ತೆ, ಅಡ್ಡಡ್ಡ ಅಲ್ಲ. ಅಡ್ಡ ಹೋಗೋದಕ್ಕೆ ಗಾಳಿ, ಟ್ರಿಗರ್ ಎಳೆಯೋ ಬೆರಳು, ಸಡಿಲ ಸ್ಕ್ರೂ ಇವು ಕಾರಣ.

ಮೊದಲು ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡ್ಕೊಂಡು, ಸ್ಟಾಕಿಗೆ (ಭುಜಕ್ಕೆ ಇಟ್ಕೊಳ್ಳೋ ಕಟ್ಟು) ಆಕ್ಷನ್ (ತೋಟೆ ಒಳಗೆ ಹಾಕಿ ಹಾರಿಸೋ ಲೋಹದ ಭಾಗ) ಹಿಡಿದಿರೋ ಸ್ಕ್ರೂ, ಸ್ಕೋಪ್ ಬೇಸ್, ರಿಂಗ್ ಎಲ್ಲಾ ಟಾರ್ಕ್ ರೆಂಚಲ್ಲಿ ನೋಡಿ. ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಬ್ಯಾರಲ್ ಕ್ಲೀನ್ ಮಾಡಿ, ಬಾಯಿ ಹತ್ರ ತಾಮ್ರದ ಬಣ್ಣದ ಗೆರೆ ಕಂಡ್ರೆ ತಾಮ್ರ ಕಟ್ಟಿದೆ ಅಂತ ಅರ್ಥ. ಇಷ್ಟಾದ್ಮೇಲೂ ಸರಿಹೋಗ್ಲಿಲ್ಲ ಅಂದ್ರೆ ಒಂದು ಬಾಕ್ಸ್ ಒಳ್ಳೇ ಫ್ಯಾಕ್ಟರಿ ಮ್ಯಾಚ್ ತೋಟೆ ತಗೊಳ್ಳಿ, .308 ಆದ್ರೆ 168 ಗ್ರೇನ್ ಬುಲೆಟ್ ಇರೋದು ಎಲ್ಲಾ ಕಡೆ ಸಿಗುತ್ತೆ, ಅದರಲ್ಲಿ ಹತ್ತು ಹೊಡೀರಿ. ದುಬಾರಿ ಅನ್ಸುತ್ತೆ, ಆದ್ರೆ ಮೂರು ಡಬ್ಬಿ ಬೇರೆ ಬೇರೆ ಪೌಡರ್ ತರೋದಕ್ಕಿಂತ ಅಗ್ಗ. ಫ್ಯಾಕ್ಟರಿ ತೋಟೆನೂ ಚೆಲ್ಲಿದ್ರೆ ರೈಫಲ್ ಅಥವಾ ಹೊಡೆಯೋರ ಕಡೆ ನೋಡ್ಬೇಕು. ಅದು ಗುಂಪಾಗಿ ಬಿದ್ದು ನಿಮ್ಮದು ಮಾತ್ರ ಚೆಲ್ಲಿದ್ರೆ ಆಗ ತೋಟೆ ತುಂಬೋ ಬೆಂಚಿಗೆ ವಾಪಸ್ ಬನ್ನಿ.

"100 ಗಜದಲ್ಲಿ ಚಂದ ಬರುತ್ತೆ, 600ರಲ್ಲಿ ಏಣಿ ಥರ ಮೇಲೆ ಕೆಳಗೆ"

ಇದು ವೇಗದ ಸಮಸ್ಯೆ. ಪ್ರತಿ ತೋಟೆನೂ ಬುಲೆಟನ್ನ ಬೇರೆ ಬೇರೆ ವೇಗದಲ್ಲಿ ತಳ್ತಿದೆ. .308ರಲ್ಲಿ 175 ಗ್ರೇನ್ ಬುಲೆಟ್ ಸೆಕೆಂಡಿಗೆ 2,600 ಅಡಿ ವೇಗದಲ್ಲಿ ಹೊರಡುತ್ತೆ ಅಂತಿಟ್ಕೊಳ್ಳಿ, ಎರಡು ಗುಂಡಿನ ಮಧ್ಯೆ 30 ಅಡಿ ವ್ಯತ್ಯಾಸ ಬಂದ್ರೆ 100 ಗಜದಲ್ಲಿ ಕಣ್ಣಿಗೇ ಕಾಣಲ್ಲ, 600ಕ್ಕೆ ಎರಡೂವರೆ-ಮೂರು ಇಂಚು, 1,000 ಗಜಕ್ಕೆ ಒಂಬತ್ತು-ಹತ್ತು ಇಂಚು ಆಗ್ಬಿಡುತ್ತೆ. ಹತ್ತಿರದಲ್ಲಿ ಚೆನ್ನಾಗಿದೆ ಅಂದ ಮಾತ್ರಕ್ಕೆ ಲೋಡ್ ಚೆನ್ನಾಗಿದೆ ಅಂತಲ್ಲ ಅನ್ನೋದು ಇದಕ್ಕೇ.

ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯೋ ಯಂತ್ರ) ಇಲ್ದೆ ಇದನ್ನ ಹಿಡಿಯೋಕಾಗಲ್ಲ. ಸ್ವಂತದ್ದಿಲ್ಲ ಅಂದ್ರೆ ರೇಂಜಲ್ಲಿ ಯಾರನ್ನಾದ್ರೂ ಕೇಳಿ, ಶೂಟರ್‌ಗಳು ಇಂಥದ್ದಕ್ಕೆ ಇಲ್ಲ ಅನ್ನಲ್ಲ. ಆದ್ರೆ ಮೂರು ಗುಂಡು ಹೊಡೆದು "ನನ್ನ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗದ ಏರುಪೇರಿನ ಅಳತೆ) 4" ಅಂತ ಖುಷಿಪಡ್ಬೇಡಿ, ಮೂರು ಗುಂಡಿನ ಲೆಕ್ಕ ಸುಳ್ಳು ಹೇಳುತ್ತೆ, ಹತ್ತಾದ್ರೂ ಬೇಕು, ಇಪ್ಪತ್ತಾದ್ರೆ ನಂಬ್ಬಹುದು.

ವೇಗ ಏರುಪೇರಾಗ್ತಿದೆ ಅಂತ ಗೊತ್ತಾದ್ಮೇಲೆ ಮೊದಲ ಅನುಮಾನ ತಕ್ಕಡಿ ಮೇಲೆ. ನನಗೆ ಆದದ್ದನ್ನೇ ಹೇಳ್ತೀನಿ. ಒಂದು ಬೇಸಿಗೆ ಪೂರ್ತಿ ನನ್ನ ವೇಗ ಯದ್ವಾತದ್ವಾ, ನಾನು ಪೌಡರ್ ಲಾಟ್ (ಒಂದೇ ಸಲ ತಯಾರಾದ ಕಂತು) ಸರಿಯಿಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ. ಒಂದು ರಾತ್ರಿ ಪ್ಯಾನ್ ತಕ್ಕಡಿ ಮೇಲಿಟ್ಟು ಸುಮ್ನೆ ನೋಡ್ತಾ ಕೂತಿದ್ದೀನಿ, ಕೈ ಹಾಕಿಲ್ಲ, ಮುಟ್ಟಿಲ್ಲ, ತಲೆ ಮೇಲಿನ ಎಸಿ ಕಿಂಡಿ "ಹುಸ್" ಅಂತ ಶುರುವಾಯ್ತು ನೋಡಿ, ಅಂಕಿ 0.1 ಇಳೀತು, ಇನ್ನೊಂದು 0.1 ಇಳೀತು, ಎಸಿ ನಿಂತ್ಮೇಲೆ ನಿಧಾನಕ್ಕೆ ವಾಪಸ್ ಹತ್ತಿತು. ಅಂದ್ರೆ ಅರ್ಧ ತೋಟೆಗಳು ಎಸಿ ಓಡುವಾಗ ತೂಗಿದ್ದು, ಇನ್ನರ್ಧ ನಿಂತಾಗ. ರಟ್ಟಿನ ಡಬ್ಬಿ ಕತ್ತರಿಸಿ ಮೂರು ಕಡೆ ಗೋಡೆ ಮಾಡಿ ನಿಲ್ಲಿಸಿದೆ, ಸಮಸ್ಯೆ ಮುಗೀತು. ಪೌಡರ್ ಪಾಪ ಏನೂ ಮಾಡಿರ್ಲಿಲ್ಲ.

ತಕ್ಕಡಿ ಆನ್ ಮಾಡಿ ಅರ್ಧ ಗಂಟೆ ಬಿಡಿ, ಜೊತೆಗೆ ಬಂದಿರೋ ಚೆಕ್ ವೇಟ್ ಇಟ್ಟು ನೋಡಿ, ಹತ್ತಿರ ಮೊಬೈಲ್ ಇಡ್ಬೇಡಿ. ಮತ್ತೆ ಇದು ಜೀವದ ವಿಷಯ, ತಕ್ಕಡಿ ಗ್ರೇನ್‌ನಲ್ಲಿದ್ಯಾ ಗ್ರಾಮ್‌ನಲ್ಲಿದ್ಯಾ ಅಂತ ಪ್ರತಿ ಸಲ ನೋಡಿ. ಒಂದು ಗ್ರಾಮ್ ಅಂದ್ರೆ 15.43 ಗ್ರೇನ್. ಒಂದು ಗುಂಡಿ ಕೈತಪ್ಪಿ ಒತ್ತಿದ್ರೆ ತಕ್ಕಡಿ ತೋರಿಸೋ ಅಂಕಿಗೆ ಅರ್ಥವೇ ಇರಲ್ಲ. ಇನ್ನೊಂದು ಗೊಂದಲ, ಗ್ರೇನ್ ಅಂದ್ರೆ ತೂಕದ ಅಳತೆ, ಪೌಡರ್‌ನ ಒಂದು ಕಾಳು ಅಲ್ಲ. ವಾರ್ಗೆಟ್ ಥರದ (ಒಂದು ಪೌಡರ್ ಹೆಸರು, ಕಾಳು ಸಣ್ಣ ಕಡ್ಡಿ ಆಕಾರ) ಕಡ್ಡಿ ಪೌಡರ್‌ನಲ್ಲಿ ಒಂದು ಗ್ರೇನ್ ತೂಕಕ್ಕೆ ಐವತ್ತರ ಆಸುಪಾಸು ಕಾಳು ಬೇಕು.

ತಕ್ಕಡಿ ಸರಿಯಿದ್ರೆ ಹಿತ್ತಾಳೆ ನೋಡಿ. ಬೇರೆ ಬೇರೆ ಕಂಪನಿ ಕೇಸ್ ಕಲಸಿದ್ದೀರಾ? ಒಂದರ ಗೋಡೆ ದಪ್ಪ ಒಂದರದ್ದು ತೆಳು, ಒಳಗಿನ ಜಾಗ ಬೇರೆ, ಅದೇ ಪೌಡರ್‌ಗೆ ಒತ್ತಡ ಬೇರೆ. ಆರೇಳು ಸಲ ಹಾರಿಸಿದ ಕೇಸಿನ ಕತ್ತು ಗಡುಸಾಗಿ ಒಂದೊಂದೂ ಬುಲೆಟನ್ನ ಒಂದೊಂದು ಥರ ಹಿಡ್ಕೊಳ್ಳುತ್ತೆ, ಅದಕ್ಕೆ ಅನೀಲಿಂಗ್ (ಕತ್ತನ್ನ ಕಾಯಿಸಿ ಮತ್ತೆ ಮೆತ್ತಗೆ ಮಾಡೋದು) ಮಾಡ್ಸಿ. ಪ್ರೈಮರ್ ಎಲ್ಲಾ ಒಂದೇ ಆಳಕ್ಕೆ ಕೂತಿದ್ಯಾ ಬೆರಳಾಡಿಸಿ ನೋಡಿ, ಕೇಸಿನ ತಳಕ್ಕಿಂತ ಒಂದು ಕೂದಲು ಒಳಗಿರ್ಬೇಕು.

ಇದೆಲ್ಲಾ ಆದ್ಮೇಲೆ ಪೌಡರ್ ಸರದಿ. ಕೇಸ್ ಒಳಗೆ ಪೌಡರ್ ಎಷ್ಟು ಜಾಗ ತುಂಬಿದೆ ನೋಡಿ. ಮುಕ್ಕಾಲು ಮಾತ್ರ ತುಂಬಿದ್ರೆ ರೈಫಲ್ ಕೆಳಗೆ ಬಗ್ಗಿಸಿ ಎತ್ತಿದ್ರೆ ಪೌಡರ್ ಮುಂದಕ್ಕೆ ಸರಿಯುತ್ತೆ, ಮೇಲೆತ್ತಿ ಇಳಿಸಿದ್ರೆ ಪ್ರೈಮರ್ ಕಡೆ ಬರುತ್ತೆ, ಬೆಂಕಿ ಹತ್ತೋ ರೀತಿ ಪ್ರತಿ ಸಲ ಬೇರೆ. ಪರೀಕ್ಷೆ ಸುಲಭ, ಐದು ತೋಟೆ ಮೂತಿ ಕೆಳಗೆ ಮಾಡಿ ನಿಧಾನಕ್ಕೆ ಎತ್ತಿ ಗುರಿಯಿಟ್ಟು ಹೊಡೀರಿ, ಐದು ಮೂತಿ ಮೇಲೆ ಮಾಡಿ ಇಳಿಸಿ ಹೊಡೀರಿ, ರೇಂಜಿನ ನಿಯಮದೊಳಗೇ, ಮೂತಿ ಯಾವತ್ತೂ ಟಾರ್ಗೆಟ್ ಕಡೆನೇ. ವೇಗದಲ್ಲಿ ಎದ್ದು ಕಾಣೋ ವ್ಯತ್ಯಾಸ ಬಂದ್ರೆ ಆ ಪೌಡರ್ ಆ ಕೇಸಿಗೆ ಹೊಂದಲ್ಲ. ಮ್ಯಾನ್ಯುಯಲ್‌ನಲ್ಲೇ ಕೇಸ್ 90ರಿಂದ 100 ಶೇಕಡ ತುಂಬೋ ಪೌಡರ್ ಹುಡುಕಿ, ಜಾಸ್ತಿ ಹಾಕಿ ತುಂಬಿಸೋದಲ್ಲ, ಬೇರೆ ಪೌಡರ್ ಆರಿಸೋದು.

"ಬೆಳಿಗ್ಗೆ ಸರಿ ಇತ್ತು, ಮಧ್ಯಾಹ್ನ ಬೋಲ್ಟ್ ಏಳ್ತಿಲ್ಲ"

ಬೋಲ್ಟ್ ಅಂದ್ರೆ ತೋಟೆ ಒಳಗೆ ತಳ್ಳಿ ಹಿಂದಿನಿಂದ ಬೀಗ ಹಾಕೋ, ಹಿಡಿ ಇರೋ ಸರಳು. ಇಲ್ಲಿ ಮೊದಲು ಮಾಡ್ಬೇಕಾದ್ದು ಹೊಡೆಯೋದು ನಿಲ್ಸೋದು. ಕಾರಣ ಆಮೇಲೆ ಹುಡುಕೋಣ.

ಫೀನಿಕ್ಸ್‌ನಲ್ಲಿ ಜೂನ್-ಜುಲೈಲಿ 43-45 ಡಿಗ್ರಿ ಮಾಮೂಲು. ನಮ್ಮ ಗುಂಪಿನ ಹಾಸನದ ಹುಡುಗ ಒಬ್ಬ ಚಳಿಗಾಲದಲ್ಲಿ ಮ್ಯಾಕ್ಸಿಮಮ್ ಹತ್ರ ಲೋಡ್ ಕಟ್ಟಿ, ಚೆನ್ನಾಗಿದೆ ಅಂತ ನೂರು ತೋಟೆ ತುಂಬಿಟ್ಟಿದ್ದ. ಬೇಸಿಗೇಲಿ ರೇಂಜಿಗೆ ತಂದು ಡಬ್ಬಿ ಬಿಸಿಲಲ್ಲೇ ಬೆಂಚ್ ಮೇಲೆ ಬಿಟ್ಟಿದ್ದ. ಹನ್ನೊಂದು ಗಂಟೆಗೆ ನನ್ನನ್ನ ಕರೆದು "ಅಣ್ಣಾ, ಬೋಲ್ಟ್ ಹಿಡಿ ಎತ್ತೋಕೆ ಆಗ್ತಿಲ್ಲ, ಒಂದ್ಸಲ ನೋಡಿ" ಅಂದ. ನಾನು ಕೈ ಹಾಕಿದೆ, ಅಂಟು ಬಳಿದ ಹಾಗೆ ಬಿಗಿ, ಕಷ್ಟಪಟ್ಟು ಎತ್ತಿದ್ಮೇಲೆ ಹೊರಗೆ ಬಿದ್ದ ಕೇಸನ್ನ ಬೆಳಕಿಗೆ ಹಿಡಿದು ತೋರ್ಸಿದೆ. ತಳದಲ್ಲಿ ಕಂಪನಿ ಹೆಸರಿನ ಅಕ್ಷರದ ಮೇಲೆ ಉಗುರು ಕೊರೆದ ಹಾಗೆ ಅರ್ಧಚಂದ್ರದ ಹೊಳೆಯೋ ಗುರುತು, ಅದು ಇಜೆಕ್ಟರ್ (ಖಾಲಿ ಕೇಸ್ ಹೊರಗೆಸೆಯೋ ಬೋಲ್ಟಿನ ಪಿನ್) ತೂತಿನೊಳಗೆ ಹಿತ್ತಾಳೆ ಹರಿದು ಹೋಗಿರೋದು. ಪ್ರೈಮರ್ ಅಂಚು ಚಪ್ಪಟೆಯಾಗಿ ಪಾಕೆಟ್ (ಪ್ರೈಮರ್ ಕೂರೋ ಗುಳಿ) ತುಂಬ್ಕೊಂಡಿತ್ತು, ದೋಸೆ ಕಾವಲಿಗೆ ಅಂಟಿದ ಹಾಗೆ. ಬೆಳಿಗ್ಗೆ ಏಳು ಗಂಟೆ ಕೇಸ್ ಪಕ್ಕಕ್ಕಿಟ್ಟೆ, ಅದರ ಪ್ರೈಮರ್ ಅಂಚು ಇನ್ನೂ ದುಂಡಗಿತ್ತು. ಅವನಿಗೆ ಉಳಿದ ತೋಟೆ ಹೊಡೆದು ಮುಗಿಸೋ ಆಸೆ, ನಾನು ಡಬ್ಬಿನೇ ಕಿತ್ಕೊಂಡೆ. ಮನೆಗೆ ಹೋಗಿ ಎಲ್ಲಾ ಬುಲೆಟ್ ಪುಲ್ಲರ್‌ನಲ್ಲಿ ಬಿಚ್ಚಿದ್ವಿ.

ಕೇಸ್ ಹೇಳೋದನ್ನ ಓದೋ ಕ್ರಮ ಹೀಗೆ. ಪ್ರೈಮರ್ ಚಪ್ಪಟೆ ಆದದ್ದು ಒಂದನ್ನೇ ನೋಡಿ ತೀರ್ಮಾನ ಬೇಡ, ಕೆಲವು ಕಂಪನಿ ಪ್ರೈಮರ್ ಮೆತ್ತಗಿರುತ್ತೆ, ಸೈಜಿಂಗಲ್ಲಿ (ಹಿಗ್ಗಿದ ಕೇಸನ್ನ ಡೈ ಅನ್ನೋ ಅಚ್ಚಲ್ಲಿ ಒತ್ತಿ ಮೊದಲಿನ ಅಳತೆಗೆ ತರೋದು) ಭುಜ (ಕತ್ತಿನ ಕೆಳಗಿನ ಇಳಿಜಾರು) ಜಾಸ್ತಿ ಹಿಂದಕ್ಕೆ ತಳ್ಳಿದ್ರೂ ಹಾಗಾಗುತ್ತೆ. ಫೈರಿಂಗ್ ಪಿನ್ ಗುಂಡಿ ಸುತ್ತ ದಿಬ್ಬ ಎದ್ದಿದ್ರೆ ಬೋಲ್ಟಿನ ತೂತು ದೊಡ್ಡದಿರ್ಬಹುದು. ಆದ್ರೆ ಬೋಲ್ಟ್ ಬಿಗಿ, ಇಜೆಕ್ಟರ್ ಗುರುತು, ಪ್ರೈಮರ್ ತೂತಾಗೋದು, ಮುಂದಿನ ಸಲ ಪ್ರೈಮರ್ ಪಾಕೆಟಲ್ಲಿ ಸಡಿಲ ಕೂರೋದು, ಇವುಗಳಲ್ಲಿ ಒಂದು ಕಂಡ್ರೂ ಒತ್ತಡ ಮಿತಿ ದಾಟಿದೆ ಅಂತಲೇ ತಿಳ್ಕೊಳ್ಳಿ. ಮತ್ತೆ ಇವು ತಡವಾಗಿ ಬರೋ ಲಕ್ಷಣಗಳು. ಯಾವುದೂ ಕಾಣ್ತಿಲ್ಲ ಅಂದ್ರೆ ಸುರಕ್ಷಿತ ಅಂತಲ್ಲ, ಅದಕ್ಕೇ ಮ್ಯಾನ್ಯುಯಲ್ ಅಂಕಿ ಮೀರಬಾರ್ದು. ವೇಗವೂ ಹೇಳುತ್ತೆ, ಮ್ಯಾನ್ಯುಯಲ್‌ನ ಮ್ಯಾಕ್ಸಿಮಮ್ ವೇಗಕ್ಕಿಂತ ನಿಮ್ಮದು ಜಾಸ್ತಿ ಬರ್ತಿದ್ರೆ ಆ ವೇಗ ಪುಕ್ಕಟೆ ಬಂದಿಲ್ಲ, ಒತ್ತಡ ಕೊಟ್ಟೇ ಬಂದಿರೋದು.

ಕೇಸಿನ ಬುಡಕ್ಕಿಂತ ಸ್ವಲ್ಪ ಮೇಲೆ ಸುತ್ತ ಹೊಳೆಯೋ ಉಂಗುರ ಕಂಡ್ರೆ ಅದು ಬೇರೆ ರೋಗ. ಕೇಸ್ ಎಳೆದೆಳೆದು ಅಲ್ಲಿ ತೆಳುವಾಗಿದೆ, ಮುಂದಿನ ಸಲ ಎರಡು ತುಂಡಾಗ್ಬಹುದು. ಪೌಡರ್ ಕಮ್ಮಿ ಮಾಡಿದ್ರೆ ಹೋಗಲ್ಲ, ಆ ಕೇಸ್ ಎಲ್ಲಾ ಜಜ್ಜಿ ಎಸೆದು ಸೈಜಿಂಗ್ ಡೈ ಸೆಟ್ಟಿಂಗ್ ಸರಿಮಾಡಿ.

ಇನ್ನು ಬಿಸಿಲಿನ ವಿಷಯ. ಪೌಡರ್ ಬೆಚ್ಚಗಾದಷ್ಟೂ ಬೇಗ ಉರಿಯುತ್ತೆ, ಎಷ್ಟು ಬೇಗ ಅನ್ನೋದು ಪೌಡರ್ ಮೇಲೆ. ವಾರ್ಗೆಟ್, ಎಚ್4350, ಎಚ್4895 ಇವೆಲ್ಲಾ ಆಸ್ಟ್ರೇಲಿಯಾದಲ್ಲಿ ತಯಾರಾಗಿ ಹಾಡ್ಜ್‌ಡನ್ ಹೆಸರಲ್ಲಿ ಬರೋ ಕಡ್ಡಿ ಪೌಡರ್‌ಗಳು, ಬಿಸಿ-ಚಳಿಗೆ ಅಷ್ಟಾಗಿ ಬಗ್ಗದ ಹಾಗೆ ಮಾಡಿರೋದು. ಇವೂ ಸ್ವಲ್ಪ ಬದಲಾಗುತ್ತೆ, ಶೂನ್ಯ ಅಂತ ಯಾವುದೂ ಇಲ್ಲ. ಹಳೇ ಕಾಲದ, ಕಾಳು ಗುಂಡಗಿರೋ ಬಾಲ್ ಪೌಡರ್‌ಗಳು ಇನ್ನೂ ಜಾಸ್ತಿ ಬದಲಾಗುತ್ತೆ. ನಮ್ಮಂಥ ಊರಲ್ಲಿ ವರ್ಷಪೂರ್ತಿ ಹೊಡೆಯೋರಿಗೆ ಈ ಒಂದು ಗುಣ ಬೇರೆಲ್ಲದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಜೊತೆಗೆ ಅಭ್ಯಾಸ ಬದಲಾಯಿಸಿ, ತೋಟೆ ಡಬ್ಬಿ ನೆರಳಲ್ಲಿ ಕೂಲರ್ ಒಳಗೆ ಇಡಿ, ಬಿಸಿಯಾದ, ತೋಟೆ ಕೂರೋ ಚೇಂಬರ್‌ನಲ್ಲಿ ತೋಟೆ ಹಾಕ್ಕೊಂಡು ಗಾಳಿ ನಿಲ್ಲೋಕೆ ಕಾಯ್ತಾ ಕೂರ್ಬೇಡಿ, ಬೇಸಿಗೆ ಲೋಡನ್ನ ಬೇಸಿಗೇಲೇ ಕಟ್ಟಿ.

"ಕೇಸಿನ ಕತ್ತೆಲ್ಲಾ ಮಸಿ, ಬ್ಯಾರಲ್‌ನಲ್ಲಿ ಕಾಳು ಉದುರ್ತಿದೆ"

ಇದು ಮೇಲಿನದ್ದಕ್ಕೆ ಉಲ್ಟಾ, ಒತ್ತಡ ಕಮ್ಮಿ. ತೋಟೆ ಹಾರಿದಾಗ ಕತ್ತು ಹಿಗ್ಗಿ ಚೇಂಬರ್ ಗೋಡೆಗೆ ಅಂಟ್ಕೊಂಡು ಹೊಗೆ ಹಿಂದಕ್ಕೆ ಬರದ ಹಾಗೆ ತಡೀಬೇಕು. ಒತ್ತಡ ಸಾಲದಿದ್ರೆ ಅಂಟಲ್ಲ, ಮಸಿ ಭುಜದವರೆಗೂ ಇಳಿಯುತ್ತೆ. ಕತ್ತಿನ ತುದೀಲಿ ಮಾತ್ರ ಸ್ವಲ್ಪ ಕಪ್ಪಿದ್ರೆ ತಲೆಕೆಡಿಸ್ಕೊಳ್ಬೇಡಿ. ಹಳೇ ಗಡುಸು ಹಿತ್ತಾಳೆಯಿಂದಲೂ ಮಸಿ ಬರುತ್ತೆ, ಹಾಗಾಗಿ ಹೊಸ ಕೇಸಲ್ಲಿ ಅದೇ ಲೋಡ್ ಹೊಡೆದು ನೋಡಿ, ಮಸಿ ಹೋಯ್ತಾ, ಹಾಗಾದ್ರೆ ಪೌಡರ್ ನಿರಪರಾಧಿ.

ಹೋಗ್ಲಿಲ್ಲ ಅಂದ್ರೆ ಒಂದೋ ಸ್ಟಾರ್ಟಿಂಗ್ ಲೋಡ್ ಹತ್ರ ಇದ್ದೀರಿ, ಮ್ಯಾನ್ಯುಯಲ್ ಮಿತಿಯೊಳಗೆ ಸಣ್ಣ ಸಣ್ಣ ಹೆಜ್ಜೇಲಿ ಮೇಲೆ ಹೋಗ್ಬಹುದು. ಇಲ್ಲಾ ಪೌಡರ್ ಆ ಕೇಸಿಗೆ, ಆ ಬುಲೆಟ್ ತೂಕಕ್ಕೆ ತೀರಾ ನಿಧಾನದ್ದು. ನಿಧಾನ, ಬೇಗ ಅಂದ್ರೆ ಏನು ಅಂತ ಕೇಳೋರಿಗೆ ನಾನು ಊರಿನ ಸ್ನಾನದ ಹಂಡೆ ಒಲೆ ನೆನಪು ಮಾಡ್ತೀನಿ. ತೆಂಗಿನ ಗರಿ ಹಾಕಿದ್ರೆ ಭಗ್ ಅಂತ ಉರಿದು ಮುಗಿಯುತ್ತೆ, ಕೊರಡು ಹಾಕಿದ್ರೆ ನಿಧಾನಕ್ಕೆ ಹತ್ತಿ ತುಂಬಾ ಹೊತ್ತು ಕಾಯಿಸುತ್ತೆ. ಪಿಸ್ತೂಲಿನ ಪೌಡರ್ ಗರಿ, ದೊಡ್ಡ ಮ್ಯಾಗ್ನಮ್ ರೈಫಲ್‌ದು ಕೊರಡು, .308ಕ್ಕೆ ಮಧ್ಯದ್ದು. ಕಾಳಿನ ಆಕಾರ, ಗಾತ್ರ, ಮೇಲಿನ ಲೇಪನ ಎಲ್ಲಾ ಸೇರಿ ಆ ವೇಗ ಬರುತ್ತೆ. ಗರಿ ಪೌಡರ್ ರೈಫಲ್ ಕೇಸ್ ತುಂಬಾ ಹಾಕಿದ್ರೆ ರೈಫಲ್ ಉಳಿಯಲ್ಲ, ಪಕ್ಕದಲ್ಲಿರೋರಿಗೂ ಅಪಾಯ.

ನಿಧಾನ ಪೌಡರ್ ತಾನೆ, ಇನ್ನೂ ಕಮ್ಮಿ ಹಾಕಿ ಮೆತ್ತಗೆ ಹೊಡೆಯೋಣ ಅಂತ ಸ್ಟಾರ್ಟಿಂಗ್ ಲೋಡ್‌ಗಿಂತ ಕೆಳಗೆ ಇಳೀಬೇಡಿ. ದೊಡ್ಡ ಕೇಸಲ್ಲಿ ನಿಧಾನ ಪೌಡರ್ ತೀರಾ ಕಮ್ಮಿ ಇದ್ರೆ ಬುಲೆಟ್ ಬ್ಯಾರಲ್‌ನಲ್ಲೇ ಸಿಕ್ಕಿಹಾಕ್ಕೊಳ್ಬಹುದು, ಕೆಲವೊಮ್ಮೆ ಒತ್ತಡ ತಟ್ಟನೆ ಏರಿರೋದೂ ಉಂಟು.

"ಟಿಕ್ ಅಂತು, ಹಾರ್ಲಿಲ್ಲ" ಅಥವಾ "ಪುಸ್ ಅಂತು"

ಟಿಕ್ ಅಂದು ಸುಮ್ಮನಾದ್ರೆ ಬೋಲ್ಟ್ ತೆಗೀಬೇಡಿ. ಮೂತಿ ಟಾರ್ಗೆಟ್ ಕಡೆನೇ ಇಟ್ಟು ಕನಿಷ್ಠ 30 ಸೆಕೆಂಡ್ ಎಣಿಸಿ, ನಿಮ್ಮ ರೇಂಜ್ ಜಾಸ್ತಿ ಕಾಯಿರಿ ಅಂದ್ರೆ ಅಷ್ಟು ಕಾಯಿರಿ, ತಡವಾಗಿ ಹತ್ತೋ ತೋಟೆ ಕೈಯಲ್ಲಿದ್ದಾಗ ಹಾರಬಾರ್ದು. ಆಮೇಲೆ ತೆಗೆದು ನೋಡಿದ್ರೆ ಸಾಮಾನ್ಯವಾಗಿ ಪ್ರೈಮರ್ ಪೂರ್ತಿ ಕೂತಿರಲ್ಲ, ಇಲ್ಲಾ ಕೇಸಿನ ಎಣ್ಣೆ ಒರೆಸದೇ ಪ್ರೈಮರ್ ಹಾಳಾಗಿರುತ್ತೆ, ಇಲ್ಲಾ ಫೈರಿಂಗ್ ಪಿನ್ ಗುರುತು ಆಳ ಇಲ್ಲ.

ಪುಸ್ ಅಂತ ಬೇರೆ ಥರ ಸದ್ದು, ಒದೆತ ಇಲ್ಲ, ಪೇಪರ್‌ನಲ್ಲಿ ತೂತಿಲ್ಲ ಅಂದ್ರೆ ಅವತ್ತಿನ ಶೂಟಿಂಗ್ ಮುಗೀತು. ಬುಲೆಟ್ ಬ್ಯಾರಲ್ ಮಧ್ಯೆ ನಿಂತಿರ್ಬಹುದು, ಅದರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರಲ್ ಸೀಳುತ್ತೆ. ರೇಂಜ್ ಆಫೀಸರ್‌ಗೆ ಹೇಳಿ, ಅವರು ಹೇಳಿದ ಹಾಗೆ ಅರ್ಧ-ಮುಕ್ಕಾಲು ನಿಮಿಷ ಕಾದು, ರೈಫಲ್ ಖಾಲಿ ಮಾಡಿ ಬೋಲ್ಟ್ ಹೊರಗೆ ತೆಗೆದು ಹಿಂದಿನಿಂದ ಬೆಳಕು ನೋಡಿ. ಬೆಳಕು ಕಾಣ್ಲಿಲ್ಲ ಅಂದ್ರೆ ಗನ್‌ಸ್ಮಿತ್ ಹತ್ರ. ಮತ್ತೊಂದು ತೋಟೆ ಹೊಡೆದು ಬಿಡಿಸೋ ಯೋಚನೆ ಕನಸಲ್ಲೂ ಬೇಡ.

ಕಾರಣ ಹೆಚ್ಚಾಗಿ ಒಂದು ಕೇಸಿಗೆ ಪೌಡರ್ ಬಿದ್ದೇ ಇರಲ್ಲ. ಬುಲೆಟ್ ಕೂರಿಸೋ ಮುಂಚೆ ಟ್ರೇಲಿರೋ ಎಲ್ಲಾ ಕೇಸಿಗೂ ಟಾರ್ಚ್ ಬಿಟ್ಟು ಒಂದೊಂದಾಗಿ ನೋಡಿ, ಐವತ್ತು ಕೇಸಿಗೆ ಒಂದು ನಿಮಿಷ ಸಾಕು. ಒಂದರಲ್ಲಿ ಮಟ್ಟ ಬೇರೆ ಕಂಡ್ರೆ ಸುರಿದು ಮತ್ತೆ ತೂಗಿ. ನಾನು ಆಗ ಫೋನ್ ಬೇರೆ ರೂಮಲ್ಲಿ ಇಡ್ತೀನಿ, ಮನೆಯವರಿಗೂ ಮಾತಾಡಿಸ್ಬೇಡಿ ಅಂತ ಹೇಳಿರ್ತೀನಿ.

"ಡಬ್ಬಿ ಮುಚ್ಚಳ ತೆಗೆದ್ರೆ ವಾಸನೆ ಬೇರೆ"

ಒಳ್ಳೇ ಪೌಡರ್ ಸ್ವಲ್ಪ ಈಥರ್ ಥರ, ಆಸ್ಪತ್ರೆ ಸ್ಪಿರಿಟ್ ಥರ ವಾಸನೆ. ಹಾಳಾದ್ದು ಮೂಗು ಚುಚ್ಚೋ ಆಸಿಡ್ ಹುಳಿ. ಡಬ್ಬಿ ತೆಗೆದಾಗ ಕೆಂಪು-ಕಂದು ಹೊಗೆ, ಕಾಳಿನ ಮೇಲೆ ತುಕ್ಕಿನ ಪುಡಿ ಥರ ದೂಳು, ತಗಡಿನ ಡಬ್ಬಿ ಒಳಗಿಂದ ತುಕ್ಕು, ಇವೆಲ್ಲಾ ಒಂದೇ ಮಾತು ಹೇಳ್ತಿವೆ. ನೈಟ್ರೋಸೆಲ್ಯುಲೋಸ್ ಕಾಲ ಕಳೆದ ಹಾಗೆ ಒಡೆದು ಆಸಿಡ್ ಬಿಡುತ್ತೆ, ಅದನ್ನ ಹೀರೋಕೆ ಕಂಪನಿಯವರು ಡೈಫಿನೈಲಮೀನ್ ಥರದ ಸ್ಟೆಬಿಲೈಸರ್ ಹಾಕಿರ್ತಾರೆ, ಅದು ಖರ್ಚಾಗಿ ಹೋಗಿದೆ ಅಂತ ಅರ್ಥ. ಅಂಥ ಡಬ್ಬಿ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ಕೊಳ್ಬಹುದು. ಮನೆಯಿಂದ ಹೊರಗಿಡಿ, ಫೈರ್ ಡಿಪಾರ್ಟ್‌ಮೆಂಟಿನ ಮಾಮೂಲಿ ನಂಬರ್‌ಗೆ ಫೋನ್ ಮಾಡಿ ಹೇಗೆ ವಿಲೇವಾರಿ ಮಾಡ್ಬೇಕು ಕೇಳಿ.

ವಾಸನೆ ಸರಿ ಆದ್ರೆ ವೇಗ ನಿಧಾನಕ್ಕೆ ಏರ್ತಿದೆ ಅಂದ್ರೆ ಪೌಡರ್ ಒಣಗಿರ್ಬಹುದು. ಮರುಭೂಮಿ ಗಾಳೀಲಿ, ಅಳತೆ ಮಾಡಿ ಸುರಿಯೋ ಪೌಡರ್ ಮೆಷರ್‌ನ ಹಾಪರ್‌ನಲ್ಲಿ ರಾತ್ರಿಯೆಲ್ಲಾ ಬಿಟ್ರೆ ತೇವ ಹೋಗಿ ಅದೇ ತೂಕಕ್ಕೆ ಬೇಗ ಉರಿಯುತ್ತೆ. ಕೆಲಸ ಮುಗಿದ ತಕ್ಷಣ ಹಾಪರ್ ಖಾಲಿ ಮಾಡಿ ಅದೇ ಮೂಲ ಡಬ್ಬಿಗೆ ಸುರಿದು ಮುಚ್ಚಳ ಬಿಗಿ ಮಾಡಿ. ಬೇರೆ ಬಾಟಲಿಗೆ ತುಂಬೋದು, ಅದರಲ್ಲೂ ಉಪ್ಪಿನಕಾಯಿ ಜಾಡಿಗೆ ಸುರಿದಿಡೋದು ನೋಡಿದ್ದೀನಿ, ದಯವಿಟ್ಟು ಬೇಡ. ಮನೇಲಿ ಇಡೋದಕ್ಕೆ ಇಲ್ಲಿನ ಫೈರ್ ಕೋಡ್‌ಗಳು ಆಧಾರ ಮಾಡ್ಕೊಳ್ಳೋ ಮಾದರಿ ನಿಯಮದಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ, ಅದಕ್ಕಿಂತ ಜಾಸ್ತಿ ಇದ್ರೆ 50 ಪೌಂಡ್‌ವರೆಗೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೇಲಿ ಅಂತಿದೆ, ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರ್ಬಹುದು, ಕೇಳ್ಕೊಳ್ಳಿ. ಗೀಸರ್, ಒಲೆ, ಕಾರ್ ಗ್ಯಾರೇಜಿನ ಬಿಸಿ ಇವುಗಳಿಂದ ದೂರ. ಚೆಲ್ಲಿದ್ರೆ ಪೊರಕೇಲಿ ಗುಡಿಸಿ, ವ್ಯಾಕ್ಯೂಮ್ ಕ್ಲೀನರ್ ಹಾಕ್ಬೇಡಿ, ಅದರ ಮೋಟಾರ್ ಕಿಡಿ ಸಾಕು.

"ಹೊಸ ಡಬ್ಬಿ ತಂದೆ, ಎಲ್ಲಾ ಬದಲಾಗ್ಬಿಡ್ತು"

ಡಬ್ಬಿ ಮೇಲಿನ ಹೆಸರನ್ನ ಅಕ್ಷರ ಅಕ್ಷರ ಓದಿ. ಐಎಂಆರ್ 4350 ಬೇರೆ, ಎಚ್4350 ಬೇರೆ. ಐಎಂಆರ್ 4895, ಎಚ್4895 ಬೇರೆ. 4831 ಕಥೇನೂ ಅದೇ. ಅಂಕಿ ಒಂದೇ ಅಂತ ಒಂದರ ಲೋಡ್ ಇನ್ನೊಂದಕ್ಕೆ ಹಾಕೋದು ತುಂಬಾ ಜನ ಮಾಡೋ ತಪ್ಪು, ಅಂಗಡೀಲಿ ಒಂದು ಖಾಲಿಯಾಗಿದ್ದಾಗ "ಅದೇ ಸಾರ್ ಇದು" ಅಂತ ಕೌಂಟರಲ್ಲಿರೋರೇ ಕೊಟ್ಟಿದ್ದನ್ನ ನಾನು ಕಂಡಿದ್ದೀನಿ.

ಹೆಸರು ಸರಿಯಿದ್ರೆ ಲಾಟ್ ನಂಬರ್ ನೋಡಿ. ಒಂದೇ ಪೌಡರ್ ಆದ್ರೂ ಲಾಟಿಂದ ಲಾಟಿಗೆ ವ್ಯತ್ಯಾಸ ಇದ್ದೇ ಇರುತ್ತೆ, ಹಾಗಾಗಿ ಲಾಟ್ ಬದಲಾದ್ರೆ ಲೋಡ್ ಕೆಳಗಿಳಿಸಿ ಮತ್ತೆ ಹತ್ತಿ. ಹಳೇದು ಸ್ವಲ್ಪ ಉಳಿದಿದೆ ಅಂತ ಹೊಸದರ ಜೊತೆ ಕಲಸ್ಬೇಡಿ. ಬೆಂಚ್ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಹಾಪರ್‌ನಲ್ಲಿ ಯಾವುದಿದೆ ಅಂತ ನೆನಪಿಲ್ಲ ಅಂದ್ರೆ ಅದು ಕಸ, ಬಣ್ಣ ನೋಡಿ ಗುರುತು ಹಿಡಿಯೋ ಪ್ರಯತ್ನ ಬೇಡ, ಎಲ್ಲಾ ಕಡ್ಡಿ ಪೌಡರೂ ಬೂದು-ಕಪ್ಪು ಸಣ್ಣ ಕಡ್ಡಿಗಳೇ.

ಸರಿ, ಪೌಡರೇ ಬದಲಾಯಿಸ್ಬೇಕು ಅಂತಾಯ್ತು

ನಿಮ್ಮ ಕೇಸು, ನಿಮ್ಮ ಬುಲೆಟ್ ತೂಕ ಇರೋ ಪುಟ ಮ್ಯಾನ್ಯುಯಲ್‌ನಲ್ಲಿ ತೆಗೀರಿ. ಜಾಸ್ತಿ ವೇಗ ಕೊಡೋದನ್ನ ಹುಡುಕ್ಬೇಡಿ, ಪೇಪರ್ ಟಾರ್ಗೆಟ್‌ಗೆ 50 ಅಡಿ ವೇಗ ಜಾಸ್ತಿ ಕಮ್ಮಿ ಗೊತ್ತಾಗಲ್ಲ, ಎಲ್ಲಾ ಗುಂಡೂ ಒಂದೇ ವೇಗದಲ್ಲಿ ಹೋಗೋದು ಮುಖ್ಯ. ಕೇಸ್ ಚೆನ್ನಾಗಿ ತುಂಬೋದು, ಬಿಸಿಲಿಗೆ ಬಗ್ಗದ್ದು, ನಿಮ್ಮೂರಲ್ಲಿ ಮುಂದಿನ ವರ್ಷವೂ ಸಿಗೋದು, ಈ ಮೂರು ನೋಡಿ. .308ಗೆ ವಾರ್ಗೆಟ್, ಐಎಂಆರ್ 4064, ವಿಹ್ಟಾವುಒರಿ ಎನ್140, 6.5 ಕ್ರೀಡ್‌ಮೂರ್‌ಗೆ ಎಚ್4350 ಇವು ಟಾರ್ಗೆಟ್‌ನವರು ವರ್ಷಗಟ್ಟಲೆ ನಂಬಿರೋ ಹೆಸರುಗಳು, ಅಲ್ಲಿಂದ ಶುರು ಮಾಡಿದ್ರೆ ದಾರಿ ತಪ್ಪಲ್ಲ. ಬಾಲ್ ಪೌಡರ್ ಮೆಷರ್‌ನಿಂದ ನೀರಿನ ಥರ ಇಳಿಯುತ್ತೆ, ಸಾವಿರಾರು ತೋಟೆ ತುಂಬೋರಿಗೆ ಅನುಕೂಲ, ಆದ್ರೆ ಕೆಲವಕ್ಕೆ ಬೆಂಕಿ ಹತ್ತಿಸೋಕೆ ಬಿಸಿ ಪ್ರೈಮರ್ ಬೇಕು, ಪ್ರೈಮರ್ ಬದಲಾಯಿಸಿದ್ರೂ ಲೋಡ್ ಕೆಳಗಿಂದಲೇ. ಕಡ್ಡಿ ಪೌಡರ್ ಮೆಷರ್‌ನಲ್ಲಿ ಕಟಕಟ ಅಂತ ಕತ್ತರಿಸ್ಕೊಂಡು ಇಳಿಯುತ್ತೆ, ಒಂದೊಂದೂ ತೂಗಿ ಹಾಕ್ಬೇಕು, ನನಗೆ ಆ ನಿಧಾನವೇ ಇಷ್ಟ. ನೈಟ್ರೋಗ್ಲಿಸರಿನ್ ಸೇರಿಸಿರೋ ಡಬಲ್ ಬೇಸ್ ಪೌಡರ್ ಶಕ್ತಿ ಜಾಸ್ತಿ ಕೊಡುತ್ತೆ, ಬ್ಯಾರಲ್ ಗಂಟಲನ್ನೂ (ಬುಲೆಟ್ ಮೊದಲು ಹೊಕ್ಕೋ ಭಾಗ) ಬೇಗ ಸವೆಸ್ಬಹುದು. ಬರ್ನ್ ರೇಟ್ ಚಾರ್ಟ್ ಯಾವುದು ಯಾವುದರ ಹತ್ರ ಅಂತ ತಿಳ್ಕೊಳ್ಳೋಕೆ ಮಾತ್ರ, ಪಕ್ಕದ ಸಾಲಿನಲ್ಲಿದೆ ಅಂತ ಅದರ ಅಂಕಿ ಇದಕ್ಕೆ ಹಾಕೋಕಲ್ಲ.

ಹಳೇ ಕಾಲದ ಕಪ್ಪು ಮದ್ದು ಮತ್ತೆ ಈ ಹೊಗೆರಹಿತ ಪೌಡರ್ ಎರಡೂ ಬೇರೆ ವಸ್ತು. ಕಪ್ಪು ಮದ್ದಿನ ಕೋವಿಗೆ ಇದನ್ನ ಹಾಕಿದ್ರೆ ಕೋವಿ ಸಿಡಿಯುತ್ತೆ, ಅಜ್ಜನ ಕಾಲದ ಕೋವಿ ಅಟ್ಟದ ಮೇಲಿರೋ ಮನೆಯವರು ಇದನ್ನ ಮರೀಬಾರ್ದು.

ಬದಲಾಯಿಸೋದು ಒಂದ್ಸಲಕ್ಕೆ ಒಂದೇ. ಪೌಡರ್ ಬದಲಾಯಿಸಿದ ದಿನ ಬುಲೆಟ್, ಪ್ರೈಮರ್, ಬುಲೆಟ್ ಕೂರಿಸೋ ಆಳ ಮುಟ್ಬೇಡಿ. ನಾನು ಇನ್ನೂರು ಪುಟದ ನೋಟ್‌ಬುಕ್ಕಲ್ಲಿ ತಾರೀಖು, ಬಿಸಿಲೆಷ್ಟು, ಪೌಡರ್ ಹೆಸರು, ಲಾಟ್, ತೂಕ, ಕೇಸ್ ಎಷ್ಟನೇ ಸಲ, ವೇಗ, ಬೋಲ್ಟ್ ಎತ್ತಿದಾಗ ಕೈಗೆ ಹೇಗನ್ಸ್ತು ಎಲ್ಲಾ ಬರೀತೀನಿ, ಕೊನೇ ಕಾಲಂ ಎಷ್ಟೋ ಸಲ ಕ್ರೋನೋಗ್ರಾಫ್‌ಗಿಂತ ಮೊದಲು ಎಚ್ಚರಿಸಿದೆ.

ಗನ್‌ಸ್ಮಿತ್ ಹತ್ರ ಯಾವಾಗ

ಸ್ಟಾರ್ಟಿಂಗ್ ಲೋಡಲ್ಲೇ ಒತ್ತಡದ ಗುರುತು ಬಂದ್ರೆ, ಫ್ಯಾಕ್ಟರಿ ತೋಟೆಗೂ ಬೋಲ್ಟ್ ಬಿಗಿಯಾದ್ರೆ, ಕೇಸ್ ಚೇಂಬರ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೆ, ಪ್ರೈಮರ್ ತೂತಾಗಿ ಮುಖಕ್ಕೆ ಗಾಳಿ ಹೊಡೆದ್ರೆ, ಆ ರೈಫಲ್ ಮತ್ತೆ ಹೊಡೀಬೇಡಿ. ಚೇಂಬರ್, ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟೆಗೆ ಸಿಗೋ ಜಾಗದ ಉದ್ದ) ಅಳೆಯೋ ಗೇಜ್ ಅವರ ಹತ್ರ ಇರುತ್ತೆ. ಸಾವಿರಾರು ಗುಂಡು ಹಾರಿಸಿ ಮೊದಲು ಚೆನ್ನಾಗಿದ್ದ ಲೋಡ್ ಈಗ ಯಾವ ಪೌಡರ್‌ನಲ್ಲೂ ಬರ್ತಿಲ್ಲ ಅಂದ್ರೆ ಬ್ಯಾರಲ್ ಗಂಟಲು ಸವೆದಿರ್ಬಹುದು, ಬೋರ್‌ಸ್ಕೋಪ್ (ಬ್ಯಾರಲ್ ಒಳಗೆ ನೋಡೋ ಸಾಧನ) ಹಾಕಿ ಐದೇ ನಿಮಿಷದಲ್ಲಿ ಹೇಳ್ತಾರೆ. ಹೋಗುವಾಗ ರೈಫಲ್ ಒಂದೇ ತಗೊಂಡು ಹೋಗ್ಬೇಡಿ, ತೊಂದರೆ ಕೊಟ್ಟ ಕೇಸುಗಳನ್ನ ತೊಳೀದೇ ಹಾಗೇ ಒಂದು ಜಿಪ್ ಕವರ್‌ನಲ್ಲಿ ಹಾಕಿ, ಮೇಲೆ ತಾರೀಖು ಬರೆದು, ನೋಟ್‌ಬುಕ್ ಜೊತೆ ಕೌಂಟರ್ ಮೇಲಿಡಿ.